ಪ್ಯಾಕ್‌ಮ್ಯಾನ್‌ನಲ್ಲಿ ಹತ್ತು ಸಾವಿರ ದಾಟುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಮೂರೂ ಲೈಫ್ ಮುಗಿದಿರುತ್ತದೆ, ಸ್ಕೋರ್ ಮಾತ್ರ ಆರೇಳು ಸಾವಿರದಲ್ಲೇ ನಿಂತಿರುತ್ತದೆ. ಓಣಿಗಳಲ್ಲಿ ಚುಕ್ಕಿ ತಿನ್ನುತ್ತಾ ದೆವ್ವಗಳಿಂದ ತಪ್ಪಿಸಿಕೊಳ್ಳುವ ಈ ವಿಡಿಯೋ ಗೇಮನ್ನು ತುಮಕೂರಿನಲ್ಲಿ ಆಡುವ ಹುಡುಗರಿಂದ ಹಿಡಿದು ಟಿವಿ ಗೇಮ್ ಕ್ಯಾಸೆಟ್ ಕಾಲದವರವರೆಗೆ ಎಲ್ಲರದೂ ಇದೇ ದೂರು: ‘ಕೈ ಸ್ಪೀಡ್ ಸಾಲಲ್ಲ.’ ಕೈಯ ವೇಗ ಇಲ್ಲಿ ಕಾರಣವೇ ಅಲ್ಲ. ಯಾವುದನ್ನು ಮೊದಲು ತಿನ್ನಬೇಕು, ಯಾವುದನ್ನು ಬಿಟ್ಟಿಟ್ಟುಕೊಳ್ಳಬೇಕು ಎಂಬ ಕ್ರಮ ತಪ್ಪಿರುತ್ತದೆ.

ಲೆಕ್ಕ ನೋಡಿ. ಒಂದು ಸ್ಟೇಜ್‌ನಲ್ಲಿ 240 ಸಣ್ಣ ಚುಕ್ಕಿ, ಒಂದಕ್ಕೆ 10. ಮೂಲೆಗಳ ಕಡೆ 4 ದೊಡ್ಡ ಚುಕ್ಕಿ, ಒಂದಕ್ಕೆ 50. ಎಲ್ಲ ಸೇರಿ 2600. ಒಂದು ದೊಡ್ಡ ಚುಕ್ಕಿ ತಿಂದು, ದೆವ್ವಗಳು ಸ್ವಲ್ಪ ಹೊತ್ತು ನೀಲಿಯಾಗಿರುವಾಗ ನಾಲ್ಕನ್ನೂ ಸಾಲಾಗಿ ಹಿಡಿದರೆ 200, 400, 800, 1600, ಅಂದರೆ 3000. ನಾಲ್ಕು ದೊಡ್ಡ ಚುಕ್ಕಿಗೂ ಹಾಗೇ ಮಾಡಿದರೆ 12,000. ಚುಕ್ಕಿಗಳ 2600, ತಲಾ 100ರ ಎರಡು ಚೆರ್ರಿ ಹಣ್ಣು ಸೇರಿಸಿದರೆ ಮೊದಲನೇ ಸ್ಟೇಜ್ ಒಂದರಲ್ಲೇ 14,800 ಸಿಗುತ್ತದೆ. ದೆವ್ವ ಮುಟ್ಟದೆ ಬರೀ ಚುಕ್ಕಿ, ಹಣ್ಣು ತಿನ್ನುವವರಿಗೆ ಮೂರು ಸ್ಟೇಜ್ ಪೂರ್ತಿ ಮುಗಿಸಿದರೂ 9600. ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಚ್ಚುವರಿ ಲೈಫ್ ಬರುವುದು 10,000ಕ್ಕೆ. ಸ್ಕೋರ್ ಎಲ್ಲಿದೆ ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಶುರು ಮಾಡುವ ಮುಂಚೆ: ಬೇಕಾದ ಸಾಮಾನು

ಮೊದಲು ಹ್ಯಾಂಡಲ್. ಪ್ಯಾಕ್‌ಮ್ಯಾನ್ ನಾಲ್ಕು ದಿಕ್ಕಿನ ಆಟ. ಎಂಟು ದಿಕ್ಕಿನ ಜಾಯ್‌ಸ್ಟಿಕ್‌ನಲ್ಲಿ ಆಡಿದರೆ ತಿರುವಿನಲ್ಲಿ ಕೈ ಓರೆ ಹೋಗುತ್ತದೆ, ಪ್ಯಾಕ್‌ಮ್ಯಾನ್ ನೆಟ್ಟಗೆ ಹೋಗಿಬಿಡುತ್ತಾನೆ. ‘ಒತ್ತಿದೆ, ತಿರುಗಲಿಲ್ಲ’ ಎನ್ನುವ ಸಾವುಗಳ ಮೂಲ ಹೆಚ್ಚಾಗಿ ಇದೇ. ಬಿಡಿ ಜಾಯ್‌ಸ್ಟಿಕ್ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಕೆಳಗಿನ ಚೌಕದ ಗೇಟನ್ನು (ಹಿಡಿ ಎತ್ತ ವಾಲಬಹುದು ಎಂದು ಕಟ್ಟುಹಾಕುವ ತಟ್ಟೆ) 45 ಡಿಗ್ರಿ ತಿರುಗಿಸಿ ನಾಲ್ಕು ದಿಕ್ಕಿಗೆ ಮಾಡಿಕೊಳ್ಳಲು ಬರುವಂಥದ್ದನ್ನೇ ಕೇಳಿ. ಅದಾಗದಿದ್ದರೆ ಕಂಪ್ಯೂಟರ್ ಕೀಬೋರ್ಡಿನ ಬಾಣದ ಕೀಗಳೇ ಸಾಕು, ಓರೆಯಾಗುವ ಪ್ರಶ್ನೆಯೇ ಇಲ್ಲ. ಫೋನ್ ಪರದೆ ಮೇಲೆ ಬೆರಳು ಎಳೆದು ಆಡುವುದು ಕಲಿಯಲು ಒಳ್ಳೆಯ ದಾರಿಯಲ್ಲ. ಬೆರಳು ಜಾರುವಷ್ಟರಲ್ಲಿ ತಿರುವು ದಾಟಿರುತ್ತದೆ.

ಟಿವಿಗೆ ಜೋಡಿಸಿದರೆ ಅದರ ಗೇಮ್ ಮೋಡ್ ಹಾಕಿ. ಬ್ಲೂಟೂತ್ ಬದಲು ವೈರ್ ಇರುವ ಕಂಟ್ರೋಲರ್ ಬಳಸಿ. ಶಬ್ದ ಮ್ಯೂಟ್ ಮಾಡಬೇಡಿ. ಸೈರನ್ ಸದ್ದು ತೀಕ್ಷ್ಣವಾಗುತ್ತಾ ಹೋದರೆ ಚುಕ್ಕಿ ಕಡಿಮೆಯಾಗುತ್ತಿದೆ ಎಂದರ್ಥ, ಕಣ್ಣು ಬೇರೆ ಕಡೆ ಇದ್ದಾಗ ಕಿವಿಗೆ ಅದು ಗೊತ್ತಾಗುತ್ತದೆ. ಹಳೇ ಮೆಷಿನ್‌ನಲ್ಲಿ ಕರೆಂಟ್ ಹೋದರೆ ಹೈ ಸ್ಕೋರ್ ಅಳಿಸಿಹೋಗುತ್ತದೆ. ಒಳ್ಳೆ ಸ್ಕೋರ್ ಬಂದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 1: ನಿಮ್ಮ ಮುಂದಿರುವುದು ಯಾವ ಪ್ಯಾಕ್‌ಮ್ಯಾನ್?

ಈ ಲೇಖನದ ಅಂಕಿಗಳೆಲ್ಲ 1980ರ ನಾಮ್ಕೋ ಕಂಪನಿಯ ಆರ್ಕೇಡ್ (ನಾಣ್ಯ ಹಾಕಿ ಆಡುವ ಮೆಷಿನ್) ಆಟದವು. ಅದರ ಪರದೆ ಉದ್ದಕ್ಕಿರುತ್ತದೆ. ಹಣ್ಣು ನಡುವಿನ ದೆವ್ವಗಳ ಗೂಡಿನ ಕೆಳಗೆ ಒಂದೇ ಕಡೆ ಬಂದು ಅಲ್ಲೇ ಇರುತ್ತದೆ. ಹಣ್ಣು ಓಡಾಡುತ್ತಿದ್ದರೆ ಅದು ಮಿಸ್ ಪ್ಯಾಕ್‌ಮ್ಯಾನ್, ಅಲ್ಲಿನ ದೆವ್ವಗಳ ನಡೆಯೇ ಬೇರೆ. ಟಿವಿ ಗೇಮ್ ಕ್ಯಾಸೆಟ್‌ನಲ್ಲಿ ಬರುವ ಆವೃತ್ತಿಯಲ್ಲಿ ಓಣಿಗಳ ಅಳತೆ ಬೇರೆ. ಅಲ್ಲಿ ಉಪಾಯಗಳು ನಡೆದಾವು, ಆದರೆ ಮುಂದೆ ಬರುವ ದೂರದ ಲೆಕ್ಕ ನಡೆಯುವುದಿಲ್ಲ. ವೇಗ ಹೆಚ್ಚಿಸಿದ ಬೋರ್ಡ್‌ಗಳೂ ಇವೆ. ಮೊದಲನೇ ಸ್ಟೇಜ್‌ನಲ್ಲೇ ಪ್ಯಾಕ್‌ಮ್ಯಾನ್ ದೆವ್ವಗಳನ್ನು ಸಲೀಸಾಗಿ ಹಿಂದೆ ಹಾಕುತ್ತಿದ್ದರೆ ಅಂಥದ್ದೇ ಎಂದು ತಿಳಿಯಿರಿ.

ಹಂತ 2: ತಿರುವು, ಓಟ

ದೆವ್ವಗಳ ಗೊಡವೆ ಆಮೇಲೆ, ಮೊದಲು ತಿರುವು ಕಲಿಯಿರಿ. ಕವಲು ಬಂದ ಮೇಲೆ ಒತ್ತಬಾರದು, ಬರುವ ಮುಂಚೆಯೇ ಒತ್ತಿ ಹಿಡಿದಿರಬೇಕು. ಹಾಗೆ ಮಾಡಿದರೆ ಪ್ಯಾಕ್‌ಮ್ಯಾನ್ ಮೂಲೆಯನ್ನು ಓರೆಯಾಗಿ ಕತ್ತರಿಸಿ ಮೂರ್ನಾಲ್ಕು ಪಿಕ್ಸೆಲ್ ಉಳಿಸುತ್ತಾನೆ. ದೆವ್ವಗಳಿಗೆ ಈ ಅನುಕೂಲ ಇಲ್ಲ. ಹಿಂದೆ ಅಂಟಿಕೊಂಡ ದೆವ್ವವನ್ನು ಬಿಡಿಸಿಕೊಳ್ಳಲು ನೇರ ಓಟಕ್ಕಿಂತ ಮೇಲಿಂದ ಮೇಲೆ ತಿರುಗುವುದೇ ಮೇಲು.

ಎರಡನೆಯದು ವೇಗದ ಲೆಕ್ಕ. ಚುಕ್ಕಿ ತಿನ್ನುವಾಗ ಪ್ಯಾಕ್‌ಮ್ಯಾನ್ ಪ್ರತಿ ಚುಕ್ಕಿಗೂ ಒಂದು ಕ್ಷಣ ತಡೆಯುತ್ತಾನೆ. ಆಟದ ಗರಿಷ್ಠ ವೇಗವನ್ನು 100 ಎಂದಿಟ್ಟುಕೊಂಡರೆ, ಮೊದಲನೇ ಸ್ಟೇಜ್‌ನಲ್ಲಿ ಖಾಲಿ ಓಣಿಯಲ್ಲಿ ಅವನದು 80, ಚುಕ್ಕಿ ಇರುವ ಓಣಿಯಲ್ಲಿ 71, ದೆವ್ವದ್ದು 75. ಹಾಗಾಗಿ ತಪ್ಪಿಸಿಕೊಳ್ಳುವಾಗ ಖಾಲಿ ಓಣಿ ಹಿಡಿಯಿರಿ. ಚುಕ್ಕಿ ತುಂಬಿದ ಓಣಿಗೆ ನುಗ್ಗಿದರೆ ಹಿಂದಿದ್ದ ದೆವ್ವ ನಿಧಾನಕ್ಕೆ ಹತ್ತಿರವಾಗುತ್ತಲೇ ಇರುತ್ತದೆ. ‘ಎಷ್ಟು ದೂರ ಇತ್ತು, ಹೇಗೆ ಹಿಡೀತು’ ಎಂಬ ಆಶ್ಚರ್ಯಕ್ಕೆ ಉತ್ತರ ಇಷ್ಟೇ.

ಪಕ್ಕದ ಸುರಂಗದಲ್ಲಿ ದೆವ್ವಗಳ ವೇಗ 40ಕ್ಕೆ ಇಳಿಯುತ್ತದೆ, ಪ್ಯಾಕ್‌ಮ್ಯಾನ್‌ದು ಇಳಿಯುವುದಿಲ್ಲ. ಸುರಂಗ ಬಲವಾದ ಆಸರೆ. ಆದರೆ ಆಚೆ ಬಾಯಲ್ಲಿ ಇನ್ನೊಂದು ದೆವ್ವ ಇಲ್ಲ ಎಂದು ನೋಡಿಕೊಂಡೇ ನುಗ್ಗಿ.

ಹಂತ 3: ಯಾವ ದೆವ್ವ ಎಲ್ಲಿ ನೋಡುತ್ತದೆ

ನೀಲಿ ಬಣ್ಣಕ್ಕೆ ತಿರುಗಿದ ಹೊತ್ತು ಬಿಟ್ಟರೆ ದೆವ್ವಗಳು ಅಂದಾಜಿನ ಮೇಲೆ ಓಡಾಡುವುದಿಲ್ಲ. ಪ್ರತಿಯೊಂದಕ್ಕೂ ಒಂದು ಗುರಿ ಇದೆ, ಪ್ರತಿ ಕವಲಿನಲ್ಲೂ ಆ ಗುರಿಗೆ ಹತ್ತಿರವಾಗುವ ದಾರಿ ಹಿಡಿಯುತ್ತವೆ. ಬಂದ ದಾರಿಗೆ ತಾವಾಗಿ ಹಿಂದಿರುಗುವುದಿಲ್ಲ. ಕೆಳಗೆ ‘ಮನೆ’ ಎಂದರೆ ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವಿನ ದೂರ.

ಕೆಂಪು ಬ್ಲಿಂಕಿ ನೇರವಾಗಿ ನೀವಿರುವ ಮನೆಗೇ ಗುರಿಯಿಡುತ್ತದೆ. ಸದಾ ಬೆನ್ನ ಹಿಂದೆ ಇರುವುದು ಇದೇ.

ಗುಲಾಬಿ ಬಣ್ಣದ ಪಿಂಕಿ ನೀವು ಮುಖ ಮಾಡಿರುವ ದಿಕ್ಕಿನಲ್ಲಿ 4 ಮನೆ ಮುಂದಕ್ಕೆ ಗುರಿಯಿಡುತ್ತದೆ. ನೀವು ಟೌನ್‌ಹಾಲ್ ಸರ್ಕಲ್ ಕಡೆ ಹೊರಟಿದ್ದನ್ನು ನೋಡಿ ಒಳರಸ್ತೆಯಲ್ಲಿ ಹೋಗಿ ಅಲ್ಲಿ ಮೊದಲೇ ನಿಂತಿರುವ, ಸಾಲ ಕೊಟ್ಟವನ ಥರ. ಇದು ಎದುರಿಗೆ ಬಂದಾಗ ಎಲ್ಲರೂ ತಿರುಗಿ ಓಡುತ್ತಾರೆ. ತಪ್ಪು ಅಲ್ಲೇ. ನಿಮ್ಮಿಬ್ಬರ ನಡುವೆ ಕವಲು ಇದ್ದರೆ ಪಿಂಕಿಯ ಕಡೆಗೇ ಮುಖ ಮಾಡಿ. ಅದರ ಗುರಿ ಅದರ ಬೆನ್ನ ಹಿಂದಕ್ಕೆ ಬೀಳುತ್ತದೆ, ಸಾಮಾನ್ಯವಾಗಿ ಅದು ಕವಲಿನಲ್ಲಿ ಪಕ್ಕಕ್ಕೆ ಸರಿದು ಹೋಗುತ್ತದೆ. ಕವಲು ಇಲ್ಲದ ಓಣಿಯಲ್ಲಿ ಮಾತ್ರ ಇದನ್ನು ಮಾಡಬೇಡಿ, ಅದಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಇನ್ನೊಂದು ವಿಚಿತ್ರ: ನೀವು ಮೇಲಕ್ಕೆ ಮುಖ ಮಾಡಿದ್ದಾಗ ಪ್ರೋಗ್ರಾಮಿನ ದೋಷದಿಂದ ಪಿಂಕಿಯ ಗುರಿ 4 ಮನೆ ಮೇಲೆ ಮಾತ್ರವಲ್ಲ, 4 ಮನೆ ಎಡಕ್ಕೂ ಸರಿದಿರುತ್ತದೆ.

ತಿಳಿನೀಲಿ ಇಂಕಿಯ ಲೆಕ್ಕ ತೊಡಕಿನದು. ನಿಮ್ಮ ಮುಂದಿನ 2ನೇ ಮನೆಗೆ ಬ್ಲಿಂಕಿಯಿಂದ ಒಂದು ಗೆರೆ ಎಳೆದು, ಅದನ್ನು ಅಷ್ಟೇ ಉದ್ದ ಮುಂದುವರಿಸಿದರೆ ಸಿಗುವುದೇ ಇಂಕಿಯ ಗುರಿ. ನೆನಪಿಡಬೇಕಾದ ಸಾರ: ಬ್ಲಿಂಕಿ ದೂರ ಇದ್ದರೆ ಇಂಕಿ ಎಲ್ಲೆಲ್ಲೋ ಅಲೆಯುತ್ತದೆ, ಬ್ಲಿಂಕಿ ನಿಮ್ಮ ಬೆನ್ನಿಗಿದ್ದರೆ ಇಂಕಿಯೂ ಹತ್ತಿರ ಬರುತ್ತದೆ. ಹಂತ 5ರಲ್ಲಿ ಇದೇ ಕೆಲಸಕ್ಕೆ ಬರುವುದು.

ಕಿತ್ತಳೆ ಬಣ್ಣದ ಕ್ಲೈಡ್ 8 ಮನೆಗಿಂತ ದೂರ ಇದ್ದಾಗ ಬ್ಲಿಂಕಿಯಂತೆ ನಿಮ್ಮತ್ತ ಬರುತ್ತದೆ. ಅದಕ್ಕಿಂತ ಹತ್ತಿರವಾದರೆ ಕೆಳಗಿನ ಎಡಮೂಲೆಗೆ ಹೊರಡುತ್ತದೆ. ನೀವು ಆ ಮೂಲೆಯ ದಾರಿಯಲ್ಲೇ ನಿಂತಿದ್ದರೆ ಮೈಮೇಲೇ ಬರುತ್ತದೆ.

ಇದರ ಜೊತೆಗೆ ದೆವ್ವಗಳು ಮೇಲಕ್ಕೆ ತಿರುಗಲಾಗದ ನಾಲ್ಕು ಕವಲುಗಳಿವೆ: ಗೂಡಿನ ಮೇಲ್ಭಾಗದ ಓಣಿಯಲ್ಲಿ ಎರಡು, ಪ್ಯಾಕ್‌ಮ್ಯಾನ್ ಆಟ ಶುರು ಮಾಡುವ ಜಾಗದ ಎಡಬಲಕ್ಕೆ ಎರಡು. ನೀವು ತಿರುಗಬಹುದು, ಹಿಂದಿರುವ ದೆವ್ವ ನೇರ ಹೋಗಲೇಬೇಕು. ನೀಲಿ ಬಣ್ಣದಲ್ಲಿರುವಾಗ ಮಾತ್ರ ಅವಕ್ಕೆ ಈ ತಡೆ ಇರುವುದಿಲ್ಲ.

ಹಂತ 4: ಅಟ್ಟಿಸುವ ಹೊತ್ತು, ಬಿಡುವಿನ ಹೊತ್ತು

ಸ್ಟೇಜ್ ಶುರುವಾದಾಗ ದೆವ್ವಗಳು ಮೊದಲು ತಮ್ಮ ತಮ್ಮ ಮೂಲೆಗೆ ಹೋಗುತ್ತವೆ, ಆಮೇಲೆ ಅಟ್ಟಿಸುತ್ತವೆ. ಮೊದಲನೇ ಸ್ಟೇಜ್‌ನಲ್ಲಿ 7 ಸೆಕೆಂಡ್ ಬಿಡುವು, 20 ಅಟ್ಟುವಿಕೆ, ಮತ್ತೆ 7, 20, 5, 20, 5. ಅಲ್ಲಿಂದಾಚೆ ಬಿಡುವೇ ಇಲ್ಲ. ಒಟ್ಟು 84 ಸೆಕೆಂಡ್. ನೀಲಿ ಹೊತ್ತಿನಲ್ಲಿ ಈ ಗಡಿಯಾರ ನಿಂತಿರುತ್ತದೆ. 2ರಿಂದ 4ನೇ ಸ್ಟೇಜ್‌ವರೆಗೆ 59 ಸೆಕೆಂಡ್‌ಗೇ ಬಿಡುವು ಮುಗಿದಂತೆ, 5ನೇ ಸ್ಟೇಜ್‌ನಿಂದ 55ಕ್ಕೆ.

ಗುರುತು ಹಿಡಿಯುವುದು ಸುಲಭ. ನೀವು ದೊಡ್ಡ ಚುಕ್ಕಿ ತಿನ್ನದಿದ್ದರೂ ಹೊರಗಿರುವ ದೆವ್ವಗಳೆಲ್ಲ ಒಮ್ಮೆಲೇ ಹಿಂದಿರುಗಿದರೆ ಹೊತ್ತು ಬದಲಾಯಿತು ಎಂದರ್ಥ. ಬಿಡುವಿನ ಹೊತ್ತನ್ನು ಗೂಡಿನ ಸುತ್ತಲಿನ, ನಡು ಭಾಗದ ಕಷ್ಟದ ಚುಕ್ಕಿ ತಿನ್ನಲು ಬಳಸಿ. ಅಟ್ಟುವ ಹೊತ್ತು ದೆವ್ವ ಕೂಡಿಹಾಕಲು ಇರಲಿ.

ಹಂತ 5: ನಾಲ್ಕನ್ನೂ ಒಂದೇ ಓಣಿಗೆ ತರುವುದು

ಹೆದರಿಕೆ ಆದ ಕೂಡಲೇ ದೊಡ್ಡ ಚುಕ್ಕಿಗೆ ಓಡುವುದೇ ಎಲ್ಲಕ್ಕಿಂತ ದುಬಾರಿ ತಪ್ಪು. ಆಗ ಹತ್ತಿರ ಇರುವುದು ಒಂದೋ ಎರಡೋ ದೆವ್ವ, ಸಿಗುವುದು 200, ಹೆಚ್ಚೆಂದರೆ 600. ನಾಲ್ಕನೆಯದೊಂದಕ್ಕೇ 1600 ಇದೆ.

ಮೊದಲು ನಾಲ್ಕೂ ಗೂಡಿನಿಂದ ಹೊರಬರಲಿ. ಗೂಡಿನೊಳಗಿರುವುದೂ ನೀಲಿಯಾಗುತ್ತದೆ, ಆದರೆ ಹಿಡಿಯಲಾಗುವುದಿಲ್ಲ. ಮೊದಲನೇ ಸ್ಟೇಜ್‌ನಲ್ಲಿ ಪಿಂಕಿ ತಕ್ಷಣ, ಇಂಕಿ 30 ಚುಕ್ಕಿ ತಿಂದ ಮೇಲೆ, ಕ್ಲೈಡ್ 90 ಆದ ಮೇಲೆ ಹೊರಡುತ್ತದೆ. ಎಣಿಸಬೇಕಾಗಿಲ್ಲ, ಸ್ಕೋರ್ ನೋಡಿ. ದೊಡ್ಡ ಚುಕ್ಕಿ ಮುಟ್ಟದೆ ಆಡುತ್ತಿದ್ದರೆ 900ಕ್ಕೆ ಕ್ಲೈಡ್ ಹೊರಗೆ, ನಡುವೆ ಚೆರ್ರಿ ತಿಂದಿದ್ದರೆ 1000ಕ್ಕೆ. ಅದಕ್ಕೂ ಮುಂಚೆ ದೊಡ್ಡ ಚುಕ್ಕಿಯ ಓಣಿಗೇ ಹೋಗಬೇಡಿ. 4 ಸೆಕೆಂಡ್ ಏನೂ ತಿನ್ನದೆ ಇದ್ದರೂ ಗೂಡಿನಲ್ಲಿ ಕಾಯುತ್ತಿರುವ ಮುಂದಿನ ದೆವ್ವ ಹೊರಡುತ್ತದೆ.

ಈಗ ಜಾಗ. ಕೆಳಗಿನ ಎಡಬದಿಯ ದೊಡ್ಡ ಚುಕ್ಕಿಯನ್ನು ಗಮನಿಸಿ. ಅದರ ಮೇಲಿನ ಅಡ್ಡ ಓಣಿಯ ಕವಲಿನಿಂದ ಎಡಕ್ಕೆ 5 ಮನೆ ಬಂದರೆ ಗೋಡೆಯ ಮೂಲೆ. ಅಲ್ಲಿಂದ ಕೆಳಕ್ಕೆ 3 ಮನೆ ಇಳಿದರೆ ದೊಡ್ಡ ಚುಕ್ಕಿ. ಅಲ್ಲಿಂದ ಬಲಕ್ಕೆ 2, ಕೆಳಕ್ಕೆ 3 ಹೋದರೆ ಮತ್ತೊಂದು ಕವಲು. ಈ 13 ಮನೆಗಳಲ್ಲಿ ಎಲ್ಲೂ ಪಕ್ಕದಾರಿ ಇಲ್ಲ. ಒಳಗೆ ಬಂದ ದೆವ್ವ ಎರಡು ತುದಿಗಳಲ್ಲಿ ಒಂದರಿಂದಲೇ ಹೊರಗೆ ಹೋಗಬೇಕು. ಬಲಗಡೆಯೂ ಇದರದೇ ಪ್ರತಿಬಿಂಬ.

ಮಾಡುವ ಕ್ರಮ: ಬ್ಲಿಂಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಆ ಅಡ್ಡ ಓಣಿಗೆ ಬನ್ನಿ. ತೀರಾ ದೂರ ಓಡಬೇಡಿ. ಬ್ಲಿಂಕಿ ಹತ್ತಿರವಿದ್ದರೆ ಇಂಕಿ ತಾನಾಗಿ ಬರುತ್ತದೆ. ಸಮಯವಿದ್ದರೆ ಮೂಲೆಯಲ್ಲಿ ಎಡಗಡೆ ಗೋಡೆಗೆ ಒತ್ತಿ ಹಿಡಿಯಿರಿ, ಪ್ಯಾಕ್‌ಮ್ಯಾನ್ ಅಲ್ಲೇ ನಿಲ್ಲುತ್ತಾನೆ. ದೆವ್ವಗಳಿಗೆ ನಿಲ್ಲಲು ಬರುವುದಿಲ್ಲ, ನಿಮಗೆ ಬರುತ್ತದೆ. ದೆವ್ವಗಳು ಅಡ್ಡ ಓಣಿಯೊಳಕ್ಕೆ ಸಾಲಾಗಿ ನುಗ್ಗಿ ಮೊದಲನೆಯದು ಮೈಗೆ ತಾಗುವಷ್ಟು ಹತ್ತಿರವಾಗುವ ಮುಂಚೆ ಕೆಳಕ್ಕೆ ತಿರುಗಿ, ದೊಡ್ಡ ಚುಕ್ಕಿ ತಿಂದು, ಕೂಡಲೇ ಮೇಲಕ್ಕೆ ಹಿಂದಿರುಗಿ. ತಿಂದ ಕ್ಷಣ ಎಲ್ಲವೂ ಬಂದ ದಾರಿಗೇ ತಿರುಗುತ್ತವೆ. ನೀಲಿ ದೆವ್ವದ ವೇಗ 50, ನಿಮ್ಮದು 90. ಕವಲು ತಲುಪುವ ಮೊದಲೇ ಹಿಂದಿನವು ಸಿಗುತ್ತವೆ. ಕವಲು ದಾಟಿದ ಮೇಲೆ ಅವು ಸಿಕ್ಕ ಕಡೆ ತಿರುಗುವುದರಿಂದ ಹಿಡಿಯುವುದು ಕಷ್ಟ.

ಅಪಾಯದ ಸೂಚನೆ ಒಂದೇ. ನೀವು ಮೂಲೆಯಲ್ಲಿ ನಿಂತಿರುವಾಗ ಕೆಳಗಿನ ಕವಲಿನಿಂದ ಯಾವುದಾದರೂ ದೆವ್ವ, ಎಡಬದಿಯಲ್ಲಾದರೆ ಮುಖ್ಯವಾಗಿ ಕ್ಲೈಡ್, ಓಣಿಯೊಳಗೆ ಬಂದರೆ ಇನ್ನು ಕಾಯಬೇಡಿ. ದೊಡ್ಡ ಚುಕ್ಕಿಗೆ ಅದಕ್ಕೆ 5 ಮನೆ ದೂರ, ನಿಮಗೆ 3. ಈಗಲೇ ಹೊರಟರೆ ನೀವೇ ಮೊದಲು. ಎರಡು ಮನೆ ತಡಮಾಡಿದರೆ ಎರಡೂ ಕಡೆ ಬಾಗಿಲು ಮುಚ್ಚಿಕೊಂಡಂತೆ.

ನೀಲಿ ಹೊತ್ತು ಮೊದಲನೇ ಸ್ಟೇಜ್‌ನಲ್ಲಿ 6 ಸೆಕೆಂಡ್. ಕೊನೆಗೆ ದೆವ್ವಗಳು ಬಿಳಿ ನೀಲಿ ಮಿನುಗುತ್ತವೆ. ಮಿನುಗು ಶುರುವಾದಾಗ ಎರಡು ಮನೆಗಿಂತ ದೂರ ಇರುವುದನ್ನು ಬಿಟ್ಟುಬಿಡಿ. ಒಂದು ದೊಡ್ಡ ಚುಕ್ಕಿಯ ಹೊತ್ತು ಮುಗಿಯುವ ಮೊದಲೇ ಇನ್ನೊಂದನ್ನು ತಿನ್ನಬೇಡಿ, ಲೆಕ್ಕ ಮತ್ತೆ 200ರಿಂದ ಶುರುವಾಗುತ್ತದೆ. ತಿಂದ ದೆವ್ವ ಕಣ್ಣಾಗಿ ಗೂಡಿಗೆ ಹೋಗಿ ಹೊರಬಂದರೆ ಅದು ಮತ್ತೆ ನೀಲಿಯಾಗಿರುವುದಿಲ್ಲ. ಉಳಿದವು ನೀಲಿ ಇದ್ದಾಗಲೇ ಒಂದು ಮಾಮೂಲಿ ದೆವ್ವ ಬಂದು ಹೊಡೆಯುವುದು ಹೀಗೆ.

ಮೇಲಿನ ಎರಡು ದೊಡ್ಡ ಚುಕ್ಕಿಗಳಿಗೆ ಕವಲು 2 ಮನೆ ದೂರದಲ್ಲೇ ಇದೆ, ದೆವ್ವಗಳು ಬೇಗ ಚದುರುತ್ತವೆ. ಕಲಿಯುವಾಗ ಕೆಳಗಿನ ಎರಡರಲ್ಲೇ ಕೈ ಪಳಗಿಸಿ.

ಹಂತ 6: ಹಣ್ಣು

ಹಣ್ಣು ಸ್ಟೇಜ್‌ಗೆ ಎರಡೇ ಸಲ, 70 ಚುಕ್ಕಿ ಮತ್ತು 170 ಚುಕ್ಕಿ ಆದಾಗ. ಹತ್ತು ಸೆಕೆಂಡ್ ತುಂಬುವ ಮೊದಲೇ ಮಾಯ. ಮೊದಲನೇ ಸ್ಟೇಜ್‌ನಲ್ಲಿ ದೊಡ್ಡ ಚುಕ್ಕಿ ಮುಟ್ಟದಿದ್ದರೆ ಸ್ಕೋರ್ 700 ತೋರಿಸಿದಾಗ ಚೆರ್ರಿ ಬರುತ್ತದೆ, ಆ ಹೊತ್ತಿಗೆ ನಡು ಭಾಗದಲ್ಲಿರುವಂತೆ ದಾರಿ ಹಾಕಿಕೊಳ್ಳಿ.

ಚೆರ್ರಿ 100, ಸ್ಟ್ರಾಬೆರಿ 300. 3, 4ನೇ ಸ್ಟೇಜ್‌ಗೆ ಕಿತ್ತಳೆ 500, ಆಮೇಲೆ ಎರಡೆರಡು ಸ್ಟೇಜ್‌ಗೆ ಸೇಬು 700, ಕರಬೂಜ 1000, ಗ್ಯಾಲಕ್ಸಿಯನ್ (ಪುಟ್ಟ ಆಕಾಶನೌಕೆಯ ಚಿತ್ರ) 2000, ಗಂಟೆ 3000. 13ರಿಂದ ಕೀಲಿಕೈ 5000. ಚೆರ್ರಿಗಾಗಿ ಪ್ರಾಣ ಕೊಡಬೇಡಿ. ಕೀಲಿಕೈಯನ್ನು ಮಾತ್ರ ಬಿಡಬೇಡಿ.

ಹಂತ 7: ಕೊನೆಯ 20 ಚುಕ್ಕಿ

ಮೊದಲನೇ ಸ್ಟೇಜ್‌ನಲ್ಲಿ 20 ಚುಕ್ಕಿ ಉಳಿದಾಗ ಬ್ಲಿಂಕಿಯ ವೇಗ ನಿಮ್ಮಷ್ಟೇ ಆಗುತ್ತದೆ, 10 ಉಳಿದಾಗ ನಿಮಗಿಂತ ಹೆಚ್ಚು. ಬಿಡುವಿನ ಹೊತ್ತಿನಲ್ಲೂ ಅದು ಮೂಲೆಗೆ ಹೋಗುವುದಿಲ್ಲ. ಎರಡನೇ ಸ್ಟೇಜ್‌ನಲ್ಲಿ ಇದು 30 ಮತ್ತು 15ಕ್ಕೆ, 3ರಿಂದ 5ರವರೆಗೆ 40 ಮತ್ತು 20ಕ್ಕೆ. ಮುಂದೆ ಇನ್ನೂ ಬೇಗ.

ಒಂದೆರಡು ಚುಕ್ಕಿಯನ್ನು ನಾಲ್ಕು ಮೂಲೆಯಲ್ಲಿ ಬಿಟ್ಟು ಬರುವ ಅಭ್ಯಾಸ ಇಲ್ಲಿ ಕೊಲ್ಲುತ್ತದೆ. ಹೋದ ಓಣಿಯನ್ನು ಪೂರ್ತಿ ಮುಗಿಸಿ. ಕೊನೆಗೆ ಉಳಿಯುವ ಚುಕ್ಕಿಗಳು ಒಂದೇ ಕಡೆ, ಸಾಧ್ಯವಾದರೆ ಸುರಂಗದ ಹತ್ತಿರ ಇರಲಿ. ನಾಲ್ಕನೇ ದೊಡ್ಡ ಚುಕ್ಕಿಯನ್ನು 20ಕ್ಕಿಂತ ಹೆಚ್ಚು ಉಳಿದಿರುವಾಗಲೇ ಬಳಸಿ.

ಹಂತ 8: ಲೈಫ್ ಹೋದ ಮೇಲೆ

ದೆವ್ವ ಹೊರಬರುವ ಲೆಕ್ಕ ಬದಲಾಗುತ್ತದೆ: 7 ಚುಕ್ಕಿಗೆ ಪಿಂಕಿ, 17ಕ್ಕೆ ಇಂಕಿ, 32ಕ್ಕೆ ಕ್ಲೈಡ್. ಬಿಡುವಿನ ಗಡಿಯಾರ ಮೊದಲಿಂದ ಶುರು. ಹಾಗಾಗಿ ಮೊದಲ ಲೈಫ್‌ನಲ್ಲಿ ಹಾಕಿಕೊಂಡ ದಾರಿ ಈಗ ನಡೆಯುವುದಿಲ್ಲ. ಚುಕ್ಕಿ ಕಡಿಮೆ ಉಳಿದಿದ್ದರೂ ಕ್ಲೈಡ್ ಹೊರಬರುವವರೆಗೆ ಬ್ಲಿಂಕಿಯ ಹೆಚ್ಚಿನ ವೇಗ ಬರುವುದಿಲ್ಲ. ಆ ಹೊತ್ತಿನಲ್ಲಿ ಸಿಕ್ಕಷ್ಟು ಬಾಚಿಕೊಳ್ಳಿ.

ಹಂತ 9: ಮುಂದಿನ ಸ್ಟೇಜ್‌ಗಳು

ನೀಲಿ ಹೊತ್ತು 2ನೇ ಸ್ಟೇಜ್‌ಗೆ 5 ಸೆಕೆಂಡ್, 3ಕ್ಕೆ 4, 4ಕ್ಕೆ 3, 5ಕ್ಕೆ 2. ಐದರಲ್ಲಿ ತಿಂದ ಕೂಡಲೇ ಮಿನುಗಲು ಶುರುವಾಗುವುದನ್ನು ನೋಡಿ ಆಟ ಕೆಟ್ಟಿದೆ ಅಂದುಕೊಳ್ಳಬೇಡಿ. 6ನೇ ಸ್ಟೇಜ್‌ನಲ್ಲಿ ಮತ್ತೆ 5 ಸೆಕೆಂಡ್ ಸಿಗುತ್ತದೆ, 10ರಲ್ಲೂ 5. ಈ ಎರಡು ಸ್ಟೇಜ್‌ಗಳಲ್ಲಿ ನಾಲ್ಕನ್ನೂ ಕೂಡಿಹಾಕಲು ತಾಳ್ಮೆಯಿಂದ ಕಾಯಿರಿ. ನಡುವಿನವುಗಳಲ್ಲಿ ಒಂದೋ ಎರಡೋ ಸಿಕ್ಕರೆ ಸಾಕು, ಹಣ್ಣಿನ ಕಡೆ ಗಮನವಿರಲಿ. 17ರಲ್ಲಿ ದೆವ್ವ ನೀಲಿಯಾಗುವುದೇ ಇಲ್ಲ, 18ರಲ್ಲಿ 1 ಸೆಕೆಂಡ್, 19ರಿಂದ ಶಾಶ್ವತವಾಗಿ ಇಲ್ಲ. ಅಲ್ಲಿ ದೊಡ್ಡ ಚುಕ್ಕಿಯ ಉಪಯೋಗ ದೆವ್ವಗಳನ್ನು ಒಮ್ಮೆ ಹಿಂದಕ್ಕೆ ತಿರುಗಿಸುವುದಷ್ಟೇ. ಎದುರಿಗೆ ಬರುತ್ತಿರುವುದನ್ನು ತಿರುಗಿಸಲು ಉಳಿಸಿಟ್ಟುಕೊಳ್ಳಿ.

ಇಲ್ಲಿಂದಾಚೆ ಬಾಯಿಪಾಠದ ದಾರಿ ಬೇಕು. ನೀಲಿ ದೆವ್ವಗಳ ತಿರುವೂ ಪ್ರತಿ ಸ್ಟೇಜ್, ಪ್ರತಿ ಲೈಫ್‌ಗೆ ಒಂದೇ ಲೆಕ್ಕದಿಂದ ಶುರುವಾಗುವುದರಿಂದ, ನೀವು ಚೂರೂ ಬದಲಿಸದೆ ಆಡಿದರೆ ಅವೂ ಬದಲಿಸುವುದಿಲ್ಲ. ಆದರೆ ಒಂದೇ ಒಂದು ತಿರುವು ತಡವಾದರೂ ಆ ದಾರಿ ಮುರಿದಂತೆ. ಮುರಿದ ಮೇಲೆ ಬಚಾವಾಗಲು ಹಂತ 3 ಬೇಕು, ಅದಕ್ಕೇ ಬಾಯಿಪಾಠವನ್ನು ಕೊನೆಗಿಟ್ಟಿದ್ದು. 21ನೇ ಸ್ಟೇಜ್‌ನಿಂದ ಪ್ಯಾಕ್‌ಮ್ಯಾನ್ ವೇಗ 100ರಿಂದ 90ಕ್ಕೆ ಇಳಿಯುತ್ತದೆ, ದೆವ್ವಗಳದು 95ರಲ್ಲೇ ಇರುತ್ತದೆ. ಅಲ್ಲಿಂದ 255ರವರೆಗೆ ಎಲ್ಲ ಸ್ಟೇಜ್ ಒಂದೇ ಥರ, ಒಂದೇ ದಾರಿ ಸಾಕು. 256ರಲ್ಲಿ ಹಣ್ಣುಗಳ ಲೆಕ್ಕ ಉಕ್ಕಿ ಪರದೆಯ ಬಲ ಅರ್ಧ ಕಲಸಿಹೋಗುತ್ತದೆ, ಬೇಕಾದಷ್ಟು ಚುಕ್ಕಿಗಳೇ ಇರುವುದಿಲ್ಲ, ಆಟ ಅಲ್ಲಿಗೆ ಮುಗಿಯುತ್ತದೆ. ಒಂದು ಲೈಫ್ ಕೂಡ ಕಳೆದುಕೊಳ್ಳದೆ, ಒಂದು ದೆವ್ವವನ್ನೂ ಬಿಡದೆ ಅಲ್ಲಿಯವರೆಗೆ ಹೋದರೆ ಆಗುವ ಗರಿಷ್ಠ ಸ್ಕೋರ್ 33,33,360.